ಅಣ್ಣನ ಕಾವಲು ಬಿಟ್ಟೆ

ಮನೆಯಲ್ಲಿ ನನಗೊಂದು ಕೆಲಸ ಹಚ್ಚಿದ್ದರು: ಅಣ್ಣನ ಮೇಲೆ ಕಣ್ಣಿಡೋದು. ಆಗ ನಾನು ಮೈಸೂರಿನಲ್ಲಿ ಸೆಕೆಂಡ್ ಪಿಯುಸಿ. ಅವನು ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ನೋವಿನ ಮಾತ್ರೆಗಳ ಚಟಕ್ಕೆ ಬಿದ್ದಿದ್ದ. ಮಾತ್ರೆ ಸಿಗದ ದಿನ ಮೂಗು ಸೋರುತ್ತಿತ್ತು, ಆಕಳಿಕೆ ನಿಲ್ಲುತ್ತಿರಲಿಲ್ಲ, ಕಾಲುನೋವು ಅಂತ ರಾತ್ರಿಯೆಲ್ಲ ಹೊರಳಾಡುತ್ತಿದ್ದ. ಅಮ್ಮ ಶೀತ ಅಂದುಕೊಂಡು ಮೆಣಸಿನ ಕಷಾಯ ಕಾಯಿಸುತ್ತಿದ್ದರು. ಅವನ ಜೇಬು ತಡಕೋದು, ಫೋನ್ ನೋಡೋದು, ಅಪ್ಪನಿಗೆ ವರದಿ ಒಪ್ಪಿಸೋದು ನನ್ನ ಪಾಲಿಗೆ. ಇದರ ಮಧ್ಯೆ ಕೆಮಿಸ್ಟ್ರಿ ಎಲ್ಲಿಂದ ತಲೆಗೆ ಹತ್ತಬೇಕು?

ಒಂದು ರಾತ್ರಿ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಣ್ಣನ ಕತೆಯೆಲ್ಲ ಕೇಳಿಸಿಕೊಂಡ ಮೇಡಂ, "ನೀನು ಓದೋದು ಎಲ್ಲಮ್ಮ?" ಅಂದರು. ಹಾಲ್‌ನಲ್ಲಿ, ಅವನು ಮಲಗೋ ಜಾಗದಲ್ಲೇ. ಮಾರನೇ ದಿನ ಪುಸ್ತಕ ಎತ್ತಿಕೊಂಡು ಚಿಕ್ಕಮ್ಮನ ಮನೆಗೆ ಹೋದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಮನೆ ಮಾನ ಕಳೆದೆಯಲ್ಲೇ" ಅಂತ ಅಮ್ಮ ಮಾತು ಬಿಟ್ಟರು. ನನಗೆ ಮಾತ್ರ ನಿದ್ದೆ ಬಂತು.

ಅಪ್ಪನಿಗೂ ಹೇಳಿಬಿಟ್ಟೆ, "ಇನ್ಮೇಲೆ ಅವನ ಜೇಬು ನಾನು ನೋಡಲ್ಲ."

ದುಡ್ಡಿನದ್ದೇ ಕಷ್ಟ. "ಪುಟ್ಟಿ, ಐನೂರು ಇದ್ರೆ ಕೊಡೇ, ನಾಳೆ ವಾಪಸ್." "ಊಟ ಹಾಕ್ತೀನಿ ಅಣ್ಣ, ದುಡ್ಡು ಕೊಡಲ್ಲ." ಪ್ರತಿ ಸಲ ಇದೇ ಉತ್ತರ. ಕಾರಣ ಹೇಳಿದರೆ ವಾದಕ್ಕಿಳಿಯುತ್ತಿದ್ದ, ವಾದದಲ್ಲಿ ಅವನನ್ನು ಗೆಲ್ಲೋರು ನಮ್ಮ ವಂಶದಲ್ಲೇ ಇಲ್ಲ. ಕೈಗೆ ಸಿಕ್ಕಿದ್ದು ಎಸೆಯೋಕೆ ಶುರು ಮಾಡಿದರೆ ಸುಮ್ನೆ ಚಪ್ಪಲಿ ಹಾಕಿಕೊಂಡು ಹೊರಡುತ್ತಿದ್ದೆ.

ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಗೊತ್ತಾಗುತ್ತೆ ಅನ್ನೋ ಭಯ ಅಪ್ಪನಿಗೆ. ಹಾಗೇನೂ ಆಗಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸೋಕೇ ಬೇರೆ ಕೇಂದ್ರವಿದೆ. ನಾಲಿಗೆ ಕೆಳಗಿಡುವ ಬುಪ್ರೆನಾರ್ಫಿನ್ ಕೊಟ್ಟರು. "ಮಾತ್ರೆ ಬಿಡಿಸೋಕೆ ಇನ್ನೊಂದು ಮಾತ್ರೆನಾ?" ಅಂತ ಅಪ್ಪ ರೇಗಿದರು. ಮೈನೋವು, ಚಡಪಡಿಕೆ, ಬೇಕೇಬೇಕು ಅನ್ನೋ ತುಡಿತ, ಇವನ್ನು ಅದು ತಗ್ಗಿಸುತ್ತೆ, ಇಲ್ಲದಿದ್ದರೆ ವಾಪಸ್ ಹೋಗೋದೇ ಜಾಸ್ತಿ ಅಂತ ಡಾಕ್ಟರ್ ಸಮಾಧಾನವಾಗಿ ಹೇಳಿದರು. ಇನ್ನೊಂದು ಮಾತನ್ನು ನಾನು ಬಾಯಿಪಾಠ ಮಾಡಿಕೊಂಡೆ. ಕೆಲವು ದಿನ ಚಟದ ಮಾತ್ರೆ ಬಿಟ್ಟವರು ಮತ್ತೆ ಹಳೇ ಪ್ರಮಾಣದಲ್ಲೇ ತಗೊಂಡರೆ ಮೈ ತಡೆಯಲ್ಲ, ಉಸಿರೇ ನಿಲ್ಲಬಹುದು. ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ, ತುಟಿ ನೀಲಿಯಾಗಿದ್ದರೆ ಮಗ್ಗುಲಿಗೆ ಹೊರಳಿಸಿ ತಕ್ಷಣ 108ಕ್ಕೆ ಫೋನ್ ಮಾಡಬೇಕು.

ಮಧ್ಯೆ ಮತ್ತೆ ಜಾರಿದ, ಮತ್ತೆ ಕರೆದುಕೊಂಡು ಹೋದರು. ಅದು ಅಪ್ಪನ ಕೆಲಸ, ನಾನು ಪರೀಕ್ಷೆ ಬರೆದೆ. ಈಗ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಹೋದ ತಿಂಗಳು ರೀಚಾರ್ಜ್‌ಗೆ ದುಡ್ಡು ಕೇಳಿದ. ನಂಬರ್‌ಗೆ ನಾನೇ ರೀಚಾರ್ಜ್ ಮಾಡಿದೆ, ಕೈಗೆ ಕೊಡಲಿಲ್ಲ. "ಇನ್ನೂ ನಂಬಿಕೆ ಇಲ್ವಾ?" ಅಂದ. "ಇಲ್ಲ" ಅಂದೆ. ನಕ್ಕ.