ಗುವಾಮಿಗೆ ಬಂದಿಳಿದ ಕನ್ನಡ ಕುಟುಂಬಗಳಿಗೆ: ದ್ವೀಪ, ಜನ, ಸರ್ಕಾರ

ಗುವಾಮಿಗೆ ಬರುವ ನಮ್ಮವರಲ್ಲಿ ಹೆಚ್ಚಿನವರು ಅಮೆರಿಕಕ್ಕೆ ಹೋಗುತ್ತಿದ್ದೇವೆ ಎಂದುಕೊಂಡೇ ವಿಮಾನ ಹತ್ತುತ್ತಾರೆ. ವೀಸಾ ಅಮೆರಿಕದ್ದು, ಹಣ ಡಾಲರು, ಅಂಚೆಯೂ ಅಮೆರಿಕದ್ದೇ. ಆದರೆ ಬಂದು ತಿಂಗಳು ಕಳೆಯುವುದರೊಳಗೆ ಆನ್‌ಲೈನ್ ಅಂಗಡಿಯೊಂದು ‘ನಿಮ್ಮ ವಿಳಾಸಕ್ಕೆ ಕಳುಹಿಸುವುದಿಲ್ಲ’ ಎನ್ನುತ್ತದೆ, ಆದಾಯ ತೆರಿಗೆಯ ಅರ್ಜಿ ವಾಷಿಂಗ್ಟನ್ನಿಗೆ ಹೋಗುವುದಿಲ್ಲ ಎಂದು ತಿಳಿಯುತ್ತದೆ, ಹವಾಯಿಗೆ ಹೊರಟಾಗ ಪಾಸ್‌ಪೋರ್ಟ್ ತೋರಿಸಿ ಎನ್ನುತ್ತಾರೆ. ಇದು ಅಮೆರಿಕದ ಒಡೆತನದ ನೆಲ, ಅಮೆರಿಕದ ರಾಜ್ಯವಲ್ಲ. ಇಷ್ಟು ಮನಸ್ಸಿಗೆ ಹತ್ತಿದರೆ ಅರ್ಧ ಗೊಂದಲ ತಾನಾಗಿಯೇ ಕರಗುತ್ತದೆ. ಉಳಿದರ್ಧಕ್ಕಾಗಿ ಸಂಘದಿಂದ ಈ ಮಾರ್ಗದರ್ಶಿ.

ನೆಲ, ನೀರು, ಹವೆ

ಪಶ್ಚಿಮ ಪೆಸಿಫಿಕ್‌ನಲ್ಲಿ ಉತ್ತರ-ದಕ್ಷಿಣವಾಗಿ ಹರಡಿರುವ ಮರಿಯಾನಾ ದ್ವೀಪಗಳ ಸಾಲಿನಲ್ಲಿ ಗುವಾಮ್ ದಕ್ಷಿಣದ ತುದಿ. ಆ ಸಾಲಿನಲ್ಲೇ ದೊಡ್ಡದು. ಹಾಗೆಂದು ಹಿಗ್ಗಬೇಡಿ. ಉದ್ದ ಸುಮಾರು 48 ಕಿ.ಮೀ., ಅಗಲ 6ರಿಂದ 19 ಕಿ.ಮೀ., ವಿಸ್ತೀರ್ಣ ಸುಮಾರು 544 ಚ.ಕಿ.ಮೀ. ಬೆಂಗಳೂರು ನಗರವೇ ಇದಕ್ಕಿಂತ ದೊಡ್ಡದು. ಅಕ್ಷಾಂಶ ಹೆಚ್ಚುಕಡಿಮೆ ಉಡುಪಿಯದೇ. ಹಾಗಾಗಿ ಕರಾವಳಿಯಿಂದ ಬಂದವರಿಗೆ ಸೆಕೆ, ಬೆವರು, ಮಳೆಗಾಲದಲ್ಲಿ ಬೀರುವಿನೊಳಗೆ ಬಟ್ಟೆಗೆ ಹಿಡಿಯುವ ಬೂಷ್ಟು ಯಾವುದೂ ಹೊಸದಲ್ಲ. ಮೈಸೂರು, ಧಾರವಾಡದ ಕಡೆಯವರು ಒಗ್ಗಿಕೊಳ್ಳಲು ಸ್ವಲ್ಪ ಸಮಯ ಹಿಡಿಯುತ್ತದೆ. ವರ್ಷವಿಡೀ ತಾಪಮಾನ 24ರಿಂದ 31 ಡಿಗ್ರಿಯೊಳಗೆ ಆಡುತ್ತಿರುತ್ತದೆ. ಜನವರಿಯಿಂದ ಜೂನ್‌ವರೆಗೆ ಮಳೆ ಕಡಿಮೆ, ಜುಲೈಯಿಂದ ಡಿಸೆಂಬರ್‌ವರೆಗೆ ಜೋರು.

ಉತ್ತರಾರ್ಧ ಸುಣ್ಣಕಲ್ಲಿನ ಸಮತಟ್ಟು. ಬಿದ್ದ ಮಳೆ ಅಲ್ಲಿ ಹೊಳೆಯಾಗದೆ ನೇರ ನೆಲಕ್ಕಿಳಿದು, ಅಡಿಯಲ್ಲಿ ಉಪ್ಪುನೀರಿನ ಮೇಲೆ ತೇಲುವ ಸಿಹಿನೀರಿನ ಪದರವಾಗಿ ನಿಲ್ಲುತ್ತದೆ. ದ್ವೀಪದ ಕುಡಿಯುವ ನೀರಿನ ಬಹುಪಾಲು ಈ ಪದರಕ್ಕೆ ಇಳಿಸಿದ ಕೊಳವೆಬಾವಿಗಳದ್ದು. ನೀರು ಗಡಸು, ಕೆಲವೇ ವಾರಗಳಲ್ಲಿ ಕುಕ್ಕರಿನ ತಳಕ್ಕೆ ಬಿಳಿ ಪೊರೆ ಕಟ್ಟುತ್ತದೆ, ಇಡ್ಲಿ ಪಾತ್ರೆಯ ಒಳಮೈ ಸುಣ್ಣ ಬಳಿದಂತಾಗುತ್ತದೆ. ಹುಣಸೆಹುಳಿ ಹಾಕಿ ಉಜ್ಜಿದರೆ ಹೋಗುತ್ತದೆ. ದಕ್ಷಿಣಾರ್ಧ ಜ್ವಾಲಾಮುಖಿಯಿಂದ ಎದ್ದ ಕೆಮ್ಮಣ್ಣಿನ ಗುಡ್ಡಗಳ ಸೀಮೆ. ಹೊಳೆಗಳು, ಜಲಪಾತಗಳು ಅಲ್ಲಿವೆ, 406 ಮೀಟರಿನ ಲಾಮ್‌ಲಾಮ್ ಬೆಟ್ಟವೂ ಅಲ್ಲಿದೆ. ಮನೆ ಹುಡುಕುವಾಗ ದಕ್ಷಿಣದ ಚೆಲುವಿಗೆ ಮರುಳಾಗಬೇಡಿ. ಆಸ್ಪತ್ರೆ, ದೊಡ್ಡ ಅಂಗಡಿಗಳು, ಹೆಚ್ಚಿನ ಕಚೇರಿಗಳು ಉತ್ತರ ಮತ್ತು ನಡುಭಾಗದಲ್ಲಿವೆ. ಬಸ್ಸು ಇದೆ ಎನ್ನುವುದು ಹೆಸರಿಗಷ್ಟೇ, ಕಾರು ಬೇಕೇಬೇಕು. ಇಲ್ಲಿನ ಡಾಂಬರಿಗೆ ಹವಳದ ಸುಣ್ಣಕಲ್ಲಿನ ಜಲ್ಲಿ ಬೆರೆಸುತ್ತಾರೆ. ಮೊದಲ ಹನಿ ಬಿದ್ದೊಡನೆ ರಸ್ತೆ ಜಾರುತ್ತದೆ. ಬಲಬದಿಯ ಚಾಲನೆ ಇನ್ನೂ ಕೈಗೆ ಕೂತಿಲ್ಲದವರು ಮಳೆಯಲ್ಲಿ ಆತುರ ಮಾಡಬೇಡಿ.

ಯಾರು ಯಾರಿದ್ದಾರೆ

2020ರ ಜನಗಣತಿಯ ಪ್ರಕಾರ ಜನಸಂಖ್ಯೆ 1,53,836. ಹತ್ತು ವರ್ಷ ಹಿಂದಿನ ಎಣಿಕೆಗಿಂತ ಇದು ಕಡಿಮೆ. ದ್ವೀಪದ ಮೂಲನಿವಾಸಿಗಳಾದ ಚಮೋರೊ ಜನ ಈಗ ಸುಮಾರು ಮೂರನೇ ಒಂದು ಭಾಗ. ಅವರ ಹಿರಿಯರು ಇಲ್ಲಿಗೆ ದೋಣಿಯಲ್ಲಿ ಬಂದು ಮೂರು ಸಾವಿರ ವರ್ಷಗಳ ಮೇಲಾಯಿತು. ಫಿಲಿಪಿನೋ ಮೂಲದವರು ಅವರಿಗಿಂತ ಸ್ವಲ್ಪವೇ ಕಡಿಮೆ. ಇದರಿಂದ ನಮ್ಮ ಅಡುಗೆಮನೆಗೆ ದೊಡ್ಡ ಅನುಕೂಲ: ಹಾಗಲ, ಬದನೆ, ಬೆಂಡೆ, ನುಗ್ಗೆಸೊಪ್ಪು, ಹುಣಸೆ ಎಲ್ಲವೂ ಫಿಲಿಪಿನೋ ಅಂಗಡಿಗಳಲ್ಲಿ, ದೆದೆದೊದ ವಾರಾಂತ್ಯದ ಬೆಳಗಿನ ಸಂತೆಯಲ್ಲಿ ಸಿಗುತ್ತವೆ. ಸಂತೆಗೆ ತಡಮಾಡಿ ಹೋದರೆ ಒಣಗಿದ ಸೊಪ್ಪೇ ಗತಿ.

ಚೂಕ್ ಮೊದಲಾದ ಮೈಕ್ರೊನೇಷಿಯಾದ ದ್ವೀಪಗಳಿಂದ ಬಂದವರೂ ಗಣನೀಯವಾಗಿದ್ದಾರೆ. ಅಮೆರಿಕದೊಡನೆ ಅವರ ದೇಶಗಳು ಮಾಡಿಕೊಂಡ ಒಪ್ಪಂದದಿಂದಾಗಿ ಅವರಿಗೆ ಇಲ್ಲಿರಲು, ದುಡಿಯಲು ವೀಸಾ ಬೇಕಿಲ್ಲ. ಅವರ ಬಗ್ಗೆ ಹಗುರವಾಗಿ ಮಾತನಾಡುವ ಚಾಳಿ ಕೆಲವು ಕಡೆ ಇದೆ. ಹೊಸದಾಗಿ ಬಂದ ನಾವು ಆ ಮಾತಿಗೆ ತಲೆಯಾಡಿಸದಿದ್ದರೆ ಒಳ್ಳೆಯದು; ನಮಗಿಂತ ಮೊದಲೇ ಬಂದ ನೆರೆಯವರು ಅವರು.

ಚಮೋರೊ ಹಿರಿಯರ ಕೈಯನ್ನು ಕಿರಿಯರು ಹಿಡಿದು ಮೂಗಿನ ಹತ್ತಿರಕ್ಕೆ ಒಯ್ದು ನಮಿಸುವುದನ್ನು ನೋಡುತ್ತೀರಿ. ಮಕ್ಕಳಿಗೆ ಇದನ್ನು ಕಲಿಸಿ, ಹಿರಿಯರು ಕರಗಿಹೋಗುತ್ತಾರೆ. ಅವರ ಮನೆಯ ಜಗಲಿಯಲ್ಲಿ ಅಡಿಕೆ, ವೀಳ್ಯದೆಲೆ, ಸುಣ್ಣದ ತಟ್ಟೆ ಕಂಡರೆ ಬೆರಗಾಗಬೇಡಿ. ಎಲೆಯಡಿಕೆ ಮೆಲ್ಲುವುದು ಇಲ್ಲಿಯೂ ಹಳೆಯ ಪದ್ಧತಿ. ನಮ್ಮ ಜೀಗುಜ್ಜೆ ಇಲ್ಲಿ ‘ಲೆಮ್ಮೈ’, ಹಿತ್ತಿಲು ಹಿತ್ತಿಲಲ್ಲಿ ಬೆಳೆಯುತ್ತದೆ. ಪ್ರತಿ ಊರಿಗೂ ಒಬ್ಬ ಪೋಷಕ ಸಂತ, ಆ ಸಂತರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಹಬ್ಬದೂಟ. ಕರೆದರೆ ಹೋಗಿ. ಸಸ್ಯಾಹಾರಿಗಳಿಗೆ ಕಷ್ಟವೇ, ಕೆಂಪು ಅನ್ನದಲ್ಲೂ ಮಾಂಸದ ಚೂರಿರಬಹುದು. ಕೇಳಿ ಬಡಿಸಿಕೊಂಡರೆ ಯಾರೂ ಬೇಸರಿಸುವುದಿಲ್ಲ. ಕಾಡಿನಲ್ಲಿ ದೊಡ್ಡ ಆಲದ ಮರದ ಬಳಿ ಹಾಯುವ ಮುನ್ನ ಅಲ್ಲಿ ನೆಲೆಸಿರುವ ಪೂರ್ವಜರ ಅನುಮತಿ ಕೇಳುವುದು ಇಲ್ಲಿನ ರೂಢಿ. ನಾಗಬನಕ್ಕೆ ಚಪ್ಪಲಿ ಕಳಚಿ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ನೆಲ ಯಾರ ಕೈಯಿಂದ ಯಾರ ಕೈಗೆ

1521ರಲ್ಲಿ ಮೆಗೆಲನ್ ಬಂದ. 1565ರಲ್ಲಿ ಸ್ಪೇನ್ ಇದು ತನ್ನದೆಂದಿತು. 1898ರ ಯುದ್ಧದಲ್ಲಿ ಸೋತು ಅಮೆರಿಕಕ್ಕೆ ಒಪ್ಪಿಸಿತು. ಆಮೇಲೆ ಅರ್ಧ ಶತಮಾನ ಗುವಾಮನ್ನು ಆಳಿದ್ದು ಹೆಚ್ಚಾಗಿ ನೌಕಾದಳದ ಅಧಿಕಾರಿಗಳು. ನಡುವೆ 1941ರ ಡಿಸೆಂಬರ್‌ನಿಂದ ಜಪಾನಿನ ಆಕ್ರಮಣ. 1944ರ ಜುಲೈ 21ರಂದು ಅಮೆರಿಕದ ಸೇನೆ ಮತ್ತೆ ದಡ ಹತ್ತಿತು. ಪ್ರತಿವರ್ಷ ಆ ದಿನ ಮರೀನ್ ಕೋರ್ ಡ್ರೈವ್ ಉದ್ದಕ್ಕೂ ದೊಡ್ಡ ಮೆರವಣಿಗೆ. ಹಿಂದಿನ ದಿನವೇ ಜನ ರಸ್ತೆ ಬದಿಯಲ್ಲಿ ಚಪ್ಪರ ಹಾಕಿ ಜಾಗ ಹಿಡಿಯುತ್ತಾರೆ.

ಯುದ್ಧ ಮುಗಿದರೂ ಸೇನೆ ಹಿಡಿದ ಜಮೀನೆಲ್ಲ ವಾಪಸು ಬರಲಿಲ್ಲ. ಇಂದಿಗೂ ದ್ವೀಪದ ಕಾಲುಭಾಗಕ್ಕಿಂತ ಹೆಚ್ಚು ನೆಲ ಸೇನೆಯದು: ಉತ್ತರದಲ್ಲಿ ಆ್ಯಂಡರ್ಸನ್ ವಾಯುನೆಲೆ, ಪಶ್ಚಿಮದಲ್ಲಿ ಅಪ್ರಾ ಬಂದರಿನ ನೌಕಾನೆಲೆ, ಜೊತೆಗೆ ಮರೀನ್ ದಳದ ಹೊಸ ಶಿಬಿರ. ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆಗೆ ಮನೆ-ಗದ್ದೆ ಬಿಟ್ಟುಕೊಟ್ಟವರನ್ನು ಬಲ್ಲವರಿಗೆ ಇಲ್ಲಿನವರ ನೋವು ಬೇಗ ಅರ್ಥವಾಗುತ್ತದೆ. ವಿಚಿತ್ರವೆಂದರೆ, ಅದೇ ಮನೆಗಳಿಂದಲೇ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಅಮೆರಿಕದ ಸೇನೆಗೂ ಸೇರುತ್ತಾರೆ. ಒಂದೇ ಊಟದ ಮೇಜಿನಲ್ಲಿ ಎರಡೂ ಮಾತು ಕೇಳಿಬರಬಹುದು. ಕೇಳಿಸಿಕೊಳ್ಳಿ, ತೀರ್ಪು ಕೊಡಲು ಹೋಗಬೇಡಿ.

ಸರ್ಕಾರ: ದೂರದ್ದು, ಹತ್ತಿರದ್ದು

1950ರ ಆಗಸ್ಟ್ 1ರಂದು ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ ಆರ್ಗ್ಯಾನಿಕ್ ಕಾಯ್ದೆಯೇ ಇಲ್ಲಿನ ಆಡಳಿತದ ಬುನಾದಿ. ಅದರಿಂದ ಗುವಾಮಿನವರು ಅಮೆರಿಕದ ಪ್ರಜೆಗಳಾದರು. ಆದರೂ ಇಲ್ಲಿ ನೆಲೆಸಿರುವ ತನಕ ಅಧ್ಯಕ್ಷರ ಆಯ್ಕೆಯಲ್ಲಿ ಅವರ ಮತಕ್ಕೆ ಲೆಕ್ಕವಿಲ್ಲ. ಚುನಾವಣೆಯ ದಿನ ಮನಸ್ಸಮಾಧಾನಕ್ಕೆಂಬಂತೆ ಮತ ಹಾಕಿ ಎಣಿಸುತ್ತಾರೆ, ಅಷ್ಟೇ. ವಾಷಿಂಗ್ಟನ್ನಿನ ಕೆಳಮನೆಗೆ ಒಬ್ಬ ಪ್ರತಿನಿಧಿಯನ್ನು ಕಳುಹಿಸುತ್ತಾರೆ. ಅವರು ಮಾತನಾಡಬಹುದು, ಸಮಿತಿಗಳಲ್ಲಿ ಕೂರಬಹುದು, ಮಸೂದೆಯ ಅಂತಿಮ ಮತದಾನದಲ್ಲಿ ಕೈಯೆತ್ತುವಂತಿಲ್ಲ. ನೀವು ಇಳಿದ ವಿಮಾನ ನಿಲ್ದಾಣಕ್ಕೆ ಹೆಸರಿಟ್ಟಿರುವುದು ಅಂಥ ಮೊದಲ ಪ್ರತಿನಿಧಿ ಆಂಟೋನಿಯೊ ವಾನ್ ಪ್ಯಾಟ್ ಅವರದು. ಸ್ವಾಡಳಿತವಿಲ್ಲದ ಪ್ರದೇಶಗಳ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಗುವಾಮ್ ಇನ್ನೂ ಉಳಿದುಕೊಂಡಿದೆ.

ಒಳಗಿನ ಆಡಳಿತಕ್ಕೆ ಗವರ್ನರ್ ಇದ್ದಾರೆ, ಅವಧಿ ನಾಲ್ಕು ವರ್ಷ. 1970ಕ್ಕೆ ಮೊದಲು ಗವರ್ನರರನ್ನು ವಾಷಿಂಗ್ಟನ್ನೇ ನೇಮಿಸುತ್ತಿತ್ತು. 2018ರಲ್ಲಿ ಗೆದ್ದ ಲೂ ಲಿಯಾನ್ ಗೆರೆರೊ ಈ ಹುದ್ದೆಗೇರಿದ ಮೊದಲ ಮಹಿಳೆ. ಸುದ್ದಿಯಲ್ಲಿ ‘ಅಡೆಲಪ್ ಹೇಳಿದೆ’ ಎಂದರೆ ಗವರ್ನರ್ ಕಚೇರಿ ಹೇಳಿದೆ ಎಂದರ್ಥ. ‘ಗವ್‌ಗುವಾಮ್’ ಎಂದರೆ ಇಡೀ ಸ್ಥಳೀಯ ಸರ್ಕಾರ. ಶಾಸನಸಭೆ ಒಂದೇ ಮನೆಯದು, 15 ಸೆನೆಟರ್‌ಗಳು, ಎರಡು ವರ್ಷಕ್ಕೊಮ್ಮೆ ಚುನಾವಣೆ. ರಾಜಧಾನಿ ಹಗಾತ್ನಾ, ಯುದ್ಧದಲ್ಲಿ ನೆಲಸಮವಾದ ಈ ಊರಿನಲ್ಲಿ ಈಗ ಕಚೇರಿಗಳೇ ಹೆಚ್ಚು, ವಾಸಿಸುವವರು ಸಾವಿರಕ್ಕೂ ಕಡಿಮೆ. ಜನರಿರುವುದು ದೆದೆದೊ, ಜೀಗೊ, ತಮುನಿಂಗ್‌ಗಳಲ್ಲಿ. (ಜೀಗೊ ಎಂಬ ಊರಿನ ಇಂಗ್ಲಿಷ್ ಫಲಕ ವೈ ಅಕ್ಷರದಿಂದ ಶುರುವಾಗುತ್ತದೆ. ದಾರಿ ಕೇಳುವಾಗ ನೆನಪಿರಲಿ.)

ನಿಮಗೆ ನಿಜವಾಗಿ ಬೇಕಾಗುವುದು ಮೇಯರ್ ಕಚೇರಿ. ದ್ವೀಪದಲ್ಲಿ 19 ಊರುಗಳು, ಪ್ರತಿ ಊರಿಗೂ ಚುನಾಯಿತ ಮೇಯರ್. ನಮ್ಮಲ್ಲಿ ಮೇಯರ್ ಎಂದರೆ ಮಹಾನಗರದವರು. ಇಲ್ಲಿ ಗ್ರಾಮ ಪಂಚಾಯಿತಿಯ ಅಧ್ಯಕ್ಷರಿಗೆ ಹತ್ತಿರ. ನೀವು ಆ ಊರಿನಲ್ಲೇ ಇದ್ದೀರಿ ಎಂಬ ದೃಢೀಕರಣ ಪತ್ರ ಅವರ ಕಚೇರಿಯಲ್ಲಿ ಸಿಗುತ್ತದೆ, ಮಗುವನ್ನು ಸರ್ಕಾರಿ ಶಾಲೆಗೆ ಸೇರಿಸಲು ಅದು ಬೇಕು. ಬೀದಿನಾಯಿಯ ಕಾಟ, ರಸ್ತೆಗೆ ಬಾಗಿದ ಮರ, ಚಂಡಮಾರುತದ ನಂತರದ ನೆರವು, ಎಲ್ಲಕ್ಕೂ ಮೊದಲ ಬಾಗಿಲು ಅದೇ. ಮನೆ ಗೊತ್ತಾದ ವಾರದಲ್ಲೇ ಬಾಡಿಗೆ ಕರಾರು ಪತ್ರ, ವಿದ್ಯುತ್ ಬಿಲ್ ಹಿಡಿದುಕೊಂಡು ಹೋಗಿ ಮುಖಪರಿಚಯ ಮಾಡಿಕೊಳ್ಳಿ.

ಶಾಲೆಗೆ ಸೇರಿಸುವ ಮೊದಲು ಕ್ಷಯದ ಚರ್ಮಪರೀಕ್ಷೆಯನ್ನೂ ಕೇಳುತ್ತಾರೆ. ಊರಿನಲ್ಲಿ ಹುಟ್ಟಿದಾಗಲೇ ಬಿಸಿಜಿ ಲಸಿಕೆ ಹಾಕಿಸಿಕೊಂಡ ನಮ್ಮ ಮಕ್ಕಳಲ್ಲಿ ಈ ಪರೀಕ್ಷೆ ಪಾಸಿಟಿವ್ ತೋರಿಸಬಹುದು. ಗಾಬರಿಯಾಗಬೇಡಿ. ಲಸಿಕೆಯ ಕಾರ್ಡನ್ನು ವೈದ್ಯರಿಗೆ ತೋರಿಸಿ, ಅವರು ಹೇಳಿದ ಮುಂದಿನ ತಪಾಸಣೆ ಮಾಡಿಸಿ, ಪ್ರಮಾಣಪತ್ರ ಪಡೆಯಿರಿ. ಶಾಲೆ ಆರಂಭವಾಗುವ ವಾರಕ್ಕೆ ಇದನ್ನು ಉಳಿಸಿಕೊಂಡರೆ ಸಾಲಿನಲ್ಲಿ ನಿಂತೇ ದಿನ ಹೋಗುತ್ತದೆ. ಸರ್ಕಾರಿ ಶಾಲೆಗಳಲ್ಲಿಯೂ ಸಮವಸ್ತ್ರವಿದೆ. ಪದವಿಗೆ ಮಂಗಿಲಾವ್‌ನಲ್ಲಿ ಗುವಾಮ್ ವಿಶ್ವವಿದ್ಯಾಲಯವಿದೆ.

ಇಲ್ಲಿಯ ನಿವಾಸಿಗಳ ಆದಾಯ ತೆರಿಗೆ ಗುವಾಮಿನ ಕಂದಾಯ ಇಲಾಖೆಗೇ ಸಲ್ಲುತ್ತದೆ. ಅಮೆರಿಕದ ತೆರಿಗೆ ಕಾನೂನಿನ ಪಡಿಯಚ್ಚನ್ನೇ ಇಲ್ಲಿ ಬಳಸುತ್ತಾರೆ. ವರ್ಷದ ನಡುವೆ ಮುಖ್ಯಭೂಮಿಯಿಂದ ಬಂದವರು ಲೆಕ್ಕಿಗರನ್ನು ಕೇಳಿಯೇ ಮುಂದುವರಿಯಿರಿ. ವಾಹನ ಚಾಲನಾ ಪರವಾನಗಿಯೂ ಇದೇ ಇಲಾಖೆಯದ್ದು.

ಚಂಡಮಾರುತ

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. 1962ರ ಕ್ಯಾರನ್ ದ್ವೀಪದ ಮನೆಗಳನ್ನು ಸಾರಾಸಗಟಾಗಿ ಕೆಡವಿತು. ಅದರ ನಂತರವೇ ಊರೂರಲ್ಲಿ ಕಾಂಕ್ರೀಟ್ ಮನೆ ಬಂದದ್ದು. 1976ರ ಪಮೇಲಾ, 1997ರ ಪಾಕಾ, 2002ರ ಪೊಂಗ್ಸೋನಾ, 2023ರ ಮೇ 24ರ ಮಾವಾರ್ ಹೆಸರುಗಳನ್ನು ಇಲ್ಲಿನವರು ಮನೆಯ ಸಾವು-ಮದುವೆಗಳನ್ನು ನೆನೆಯುವ ಹಾಗೆ ನೆನೆಯುತ್ತಾರೆ. ಮಾವಾರ್ ಉತ್ತರದ ತುದಿಯನ್ನು ಸವರಿಕೊಂಡು ಹೋದಾಗ ಹೆಚ್ಚುಕಡಿಮೆ ಇಡೀ ದ್ವೀಪಕ್ಕೆ ಕರೆಂಟ್ ಹೋಯಿತು, ಕೆಲವು ಬಡಾವಣೆಗಳು ವಾರಗಟ್ಟಲೆ ಕತ್ತಲಲ್ಲಿದ್ದವು, ವಿಮಾನ ನಿಲ್ದಾಣ ಕೆಲವು ದಿನ ಮುಚ್ಚಿತ್ತು.

ಸಿದ್ಧತೆಯ ಹಂತಗಳನ್ನು ಸರ್ಕಾರ 4ರಿಂದ 1ರವರೆಗೆ ಘೋಷಿಸುತ್ತದೆ. 4 ಎಂದರೆ ಮಾಮೂಲಿ ದಿನ; 3 ಎಂದರೆ ಹಾನಿಕಾರಕ ಗಾಳಿ 48 ಗಂಟೆಗಳೊಳಗೆ ಬರಬಹುದು; 2 ಎಂದರೆ 24; 1 ಎಂದರೆ 12 ಗಂಟೆ, ಮನೆಯಿಂದ ಹೊರಡಬಾರದು. 3 ಎಂದು ಕೇಳಿದ ದಿನವೇ ಕಾರಿಗೆ ಪೆಟ್ರೋಲ್ ತುಂಬಿಸಿ, ನಗದು ತೆಗೆಯಿರಿ, ಕಿಟಕಿಯ ಲೋಹದ ಶಟರ್‌ಗಳಿಗೆ ಬೇಕಾದ ನಟ್ಟು-ಬೋಲ್ಟು ಎಲ್ಲವೂ ಇವೆಯೇ ನೋಡಿ. ಬಾಡಿಗೆ ಮನೆಗಳಲ್ಲಿ ಒಂದೆರಡು ಯಾವಾಗಲೂ ಕಾಣೆಯಾಗಿರುತ್ತವೆ. ಬಾತ್‌ಟಬ್, ಬಕೆಟ್, ಕೊಡ ಎಲ್ಲವನ್ನೂ ತುಂಬಿಸಿ; ಕರೆಂಟ್ ಹೋದರೆ ಕೊಳವೆಬಾವಿಯ ಪಂಪೂ ನಿಲ್ಲುತ್ತದೆ. ಅವಲಕ್ಕಿ, ಪುಡಿಚಟ್ನಿ, ಹುರಿಗಡಲೆ ಇದ್ದರೆ ಒಲೆಯ ಹಂಗಿಲ್ಲ. ದಿನಸಿ ಬಹುತೇಕ ಹಡಗಿನಲ್ಲೇ ಬರುವ ಕಾರಣ ಗಾಳಿ ನಿಂತ ಮೇಲೂ ಅಂಗಡಿ ತುಂಬಲು ದಿನ ಹಿಡಿಯುತ್ತದೆ. ನಡುವೆ ಗಾಳಿ ಥಟ್ಟನೆ ನಿಂತು ಆಕಾಶ ತಿಳಿಯಾದರೆ ಮುಗಿಯಿತೆಂದು ಬಾಗಿಲು ತೆರೆಯಬೇಡಿ: ಅದು ಮಾರುತದ ಕಣ್ಣು, ಇನ್ನೊಂದು ಬದಿಯ ಗಾಳಿ ಬಾಕಿಯಿರುತ್ತದೆ. ಭೂಕಂಪವೂ ಇಲ್ಲಿಗೆ ಹೊಸತಲ್ಲ. ಕಪಾಟುಗಳನ್ನು ಗೋಡೆಗೆ ಬಿಗಿಯಿರಿ.

ಗಂಭೀರ ಕಾಯಿಲೆಗಳ ತಜ್ಞ ಚಿಕಿತ್ಸೆಗೆ ಮನಿಲಾ ಅಥವಾ ಹವಾಯಿಗೆ ಕಳುಹಿಸುವುದು ಇಲ್ಲಿ ಸಾಮಾನ್ಯ. ವಿಮೆ ಮಾಡಿಸುವಾಗ ದ್ವೀಪದಾಚೆಯ ಚಿಕಿತ್ಸೆಗೆ ಎಷ್ಟು ಕೊಡುತ್ತಾರೆ ಎಂಬುದನ್ನೇ ಮೊದಲು ಕೇಳಿ.

ಊರಿನಿಂದ ಬರುವವರಿಗೆ ಹೇಳಿ

ಇಲ್ಲಿನ ಗಡಿಯಾರ ಭಾರತಕ್ಕಿಂತ ನಾಲ್ಕೂವರೆ ಗಂಟೆ ಮುಂದು. ಇಲ್ಲಿ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿದರೆ ಅಮ್ಮನಿಗೆ ಅಲ್ಲಿ ಸಂಜೆ ಐದು ಗಂಟೆ.

ಬರುವವರು ತಾಜಾ ಕರಿಬೇವು, ಬೀಜ, ಸಸಿ ಯಾವುದನ್ನೂ ತರದಿರಲಿ. ಪೊಟ್ಟಣದ ಹಿಟ್ಟು, ಮಸಾಲೆಯನ್ನೂ ಘೋಷಣಾ ಪತ್ರದಲ್ಲಿ ನಮೂದಿಸಲಿ. ಗುವಾಮಿಗೆ ತನ್ನದೇ ಸುಂಕ ಮತ್ತು ಕ್ವಾರಂಟೈನ್ ವಿಭಾಗವಿದೆ, ಅವರು ಬಿಗಿಯಾಗಿರುವುದಕ್ಕೆ ಕಾರಣವೂ ಇದೆ. ಎರಡನೇ ಮಹಾಯುದ್ಧದ ನಂತರ ಸರಕಿನೊಡನೆ ಬಂದ ಕಂದು ಮರಹಾವು ಕಾಡಿನ ಹಕ್ಕಿಗಳನ್ನು ಹೆಚ್ಚುಕಡಿಮೆ ಮುಗಿಸಿತು. ಕಾಡಿಗೆ ಹೋದರೆ ಜೇಡರ ಬಲೆ ಮುಖಕ್ಕೆ ತಾಗುತ್ತದೆ, ಹಕ್ಕಿಯ ಕೂಗಿಲ್ಲ. ವಿದ್ಯುತ್ ಕಂಬ ಹತ್ತಿ ಕರೆಂಟ್ ಕೆಡಿಸುವುದೂ ಇದೇ ಹಾವು. 2007ರಲ್ಲಿ ತುಮೋನ್ ಕೊಲ್ಲಿಯ ಬಳಿ ಕಾಣಿಸಿಕೊಂಡ ಕುರುವಾಯಿ ದುಂಬಿ ಈಗ ದ್ವೀಪದ ತೆಂಗನ್ನು ತಿನ್ನುತ್ತಿದೆ. ಗರಿಗಳು ಕತ್ತರಿಯಲ್ಲಿ ಕತ್ತರಿಸಿದಂತೆ ಕಂಡರೆ ತಿಪಟೂರಿನ ಕಡೆಯವರಿಗೆ ಕಾರಣ ತಕ್ಷಣ ಗೊತ್ತಾಗುತ್ತದೆ. ನಿಮ್ಮ ಹಿತ್ತಿಲಲ್ಲಿ ಸತ್ತ ತೆಂಗಿನ ಕಾಂಡ, ಕೊಳೆತ ಎಲೆಯ ರಾಶಿ ಇದ್ದರೆ ತೆಗೆಸಿಬಿಡಿ. ದುಂಬಿ ಮೊಟ್ಟೆಯಿಡುವುದು ಅಲ್ಲಿಯೇ.