ಏಳು ತಿಂಗಳ ಮಗುವಿಗೆ ರಾಗಿ ಬಾಳೆಹಣ್ಣಿನ ಮೆತ್ತನೆ ಬಿಸ್ಕತ್ತು

ಮಗುವಿಗೆ ಆರು ತಿಂಗಳು ತುಂಬಿತು ಅಂದರೆ ಸಾಕು, ನಮ್ಮ ಹಾಸನದ ಕಡೆ ನೋಡೋಕೆ ಬಂದವರೆಲ್ಲ ಒಂದು ಪ್ಯಾಕೆಟ್ ರಸ್ಕ್ ಹಿಡಿದುಕೊಂಡೇ ಬರುತ್ತಾರೆ. ಹಾಲಲ್ಲಿ ಅದ್ದಿ ಕೊಡಿ, ಹಲ್ಲು ಬರುವಾಗ ಒಳ್ಳೇದು ಅಂತಾರೆ. ಪ್ರೀತಿಯಿಂದಲೇ ತರುತ್ತಾರೆ. ಅಯ್ಯಂಗಾರ್ ಬೇಕರಿಗಳ ಬೇರು ಇರುವುದೇ ನಮ್ಮ ಜಿಲ್ಲೆಯಲ್ಲಿ, ಹಾಗಾಗಿ ಬನ್ನು, ರಸ್ಕು ಅಂದರೆ ನಮಗೆ ಅಕ್ಕರೆ ಜಾಸ್ತಿ. ಆದರೆ ಅದರಲ್ಲಿರುವುದು ಮೈದಾ, ಸಕ್ಕರೆ. ಎರಡು ವರ್ಷದವರೆಗೆ ಮಗುವಿಗೆ ಸಕ್ಕರೆ ಬೇಡ, ಬೆಲ್ಲವೂ ಬೇಡ. ಒಂದು ವರ್ಷದ ಒಳಗೆ ಜೇನುತುಪ್ಪವಂತೂ ಮುಟ್ಟಿಸಲೇಬಾರದು, ಬೇಯಿಸಿದರೂ ಅಷ್ಟೆ, ಅದರಿಂದ ಬೊಟುಲಿಸಂ ಅನ್ನುವ ಅಪಾಯಕಾರಿ ಕಾಯಿಲೆ ಬರಬಹುದು. ಸಿಹಿಗೆ ಕಳಿತ ಏಲಕ್ಕಿ ಬಾಳೆಹಣ್ಣು ಇದೆಯಲ್ಲ, ಅದೇ ಧಾರಾಳ ಸಾಕು.

ಶುರು ಮಾಡುವ ಮೊದಲು ಮಗುವನ್ನು ನೋಡಿ. ಕತ್ತು ಗಟ್ಟಿಯಾಗಿ ನಿಲ್ಲಬೇಕು, ಸ್ವಲ್ಪ ಆಸರೆ ಕೊಟ್ಟರೆ ನೆಟ್ಟಗೆ ಕೂರಬೇಕು, ಬಾಯಿಗೆ ಇಟ್ಟಿದ್ದನ್ನು ನಾಲಿಗೆಯಲ್ಲಿ ಹೊರಗೆ ತಳ್ಳುವುದು ನಿಂತಿರಬೇಕು.

ಮೂರು ಏಲಕ್ಕಿ ಬಾಳೆಹಣ್ಣು ತಗೊಳ್ಳಿ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಿದ್ದಿರಬೇಕು, ಒತ್ತಿದರೆ ಬೆರಳು ಒಳಗೆ ಹೋಗಬೇಕು. ಗಂಟಿಲ್ಲದ ಹಾಗೆ ಕಿವುಚಿ, ಅರ್ಧ ಕಪ್ ರಾಗಿ ಸರಿ ಹಿಟ್ಟು, ಎರಡು ಚಮಚ ಗೋಧಿ ಹಿಟ್ಟು, ಒಂದು ಚಮಚ ತುಪ್ಪ ಹಾಕಿ ಕಲಸಿ. ಉಪ್ಪು ಬೇಡ, ಬೇಕಿಂಗ್ ಪೌಡರ್ ಕೂಡ ಬೇಡ. ಸರಿ ಹಿಟ್ಟನ್ನೇ ಹೇಳುತ್ತಿರುವುದು ಯಾಕೆಂದರೆ, ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿಸಿ ಒಣಗಿಸಿ ಹುರಿದು ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದರೆ ಹೊಟ್ಟು ಹೋಗಿ ಹಿಟ್ಟು ರೇಷ್ಮೆಯಂತಾಗುತ್ತದೆ, ಮಗುವಿಗೆ ಸುಲಭವಾಗಿ ಅರಗುತ್ತದೆ. ಹಿಟ್ಟು ಚಪಾತಿ ಹಿಟ್ಟಿಗಿಂತ ಮೆತ್ತಗೆ, ಇಡ್ಲಿ ಹಿಟ್ಟಿಗಿಂತ ಗಟ್ಟಿ ಇರಲಿ. ರಾಗಿ ನೀರು ಎಳೆದುಕೊಳ್ಳುತ್ತದೆ, ಹತ್ತು ನಿಮಿಷ ಬಿಟ್ಟು ನೋಡಿ, ಗಟ್ಟಿಯಾಗಿದ್ದರೆ ಒಂದೆರಡು ಚಮಚ ಎದೆಹಾಲೋ ನೀರೋ ಸೇರಿಸಿ.

ಇಲ್ಲಿ ನಾನು ಮೊದಲ ಸಲ ತಪ್ಪು ಮಾಡಿದ್ದೆ. ಸಣ್ಣ ಸಣ್ಣ ದುಂಡು ಬಿಸ್ಕತ್ತು ತಟ್ಟಿದ್ದೆ, ಅಂಚೆಲ್ಲ ಗರಿಗರಿ ಆಗಿತ್ತು. ಮಗಳು ಎರಡೇ ಹಲ್ಲಲ್ಲಿ ಒಂದು ಚೂರು ಮುರಿದುಕೊಂಡಳು, ಮುಖ ಕೆಂಪಾಯಿತು, ಕೆಮ್ಮಿ ಕೆಮ್ಮಿ ಹೊರಗೆ ಹಾಕಿದಳು. ನನ್ನ ಎದೆ ಝಲ್ ಅಂತು. ಈಗ ತಟ್ಟೆಯಲ್ಲಿ ತುಪ್ಪ ಸವರಿ ಅರ್ಧ ಇಂಚು ದಪ್ಪಕ್ಕೆ ಹರಡಿ, 180 ಡಿಗ್ರಿಯಲ್ಲಿ ಸುಮಾರು 15 ನಿಮಿಷ ಬೇಯಿಸುತ್ತೇನೆ. ಆರಿದ ಮೇಲೆ ಸುತ್ತಲಿನ ಗಟ್ಟಿ ಅಂಚು ಕತ್ತರಿಸಿ ತೆಗೆದು (ಅದು ನನ್ನ ಕಾಫಿ ಜೊತೆಗೆ), ಉಳಿದಿದ್ದನ್ನು ನಮ್ಮ ಬೆರಳಿನ ಉದ್ದಕ್ಕೆ ಕೊಯ್ಯುತ್ತೇನೆ. ಈ ವಯಸ್ಸಿನ ಮಗು ಮುಷ್ಟಿಯಲ್ಲಿ ಹಿಡಿಯುತ್ತದೆ, ಮೇಲೆ ಸ್ವಲ್ಪ ಉಳಿದರೆ ತಾನೇ ಬಾಯಿಗೆ ಸಿಗೋದು, ಅಲ್ವಾ? ಕೊಡುವ ಮುಂಚೆ ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ. ಸುಲಭವಾಗಿ ಹಿಸುಕಿ ಹೋದರೆ ಕೊಡಿ, ಇಲ್ಲದಿದ್ದರೆ ಬೇಡ.

ಓವನ್ ಇಲ್ಲವಾ? ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತೋ ಹೇಳಕ್ಕಾಗಲ್ಲ. ದಪ್ಪ ತಳದ ಪಾತ್ರೆಗೆ ಒಂದು ಪದರ ಉಪ್ಪು ಹರಡಿ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಆಮೇಲೆ ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ 25 ನಿಮಿಷ.

ಇದೇ ಹದದಲ್ಲಿ ಹಾಸನದ ಆಲೂಗಡ್ಡೆಯಲ್ಲೂ ಮಾಡಬಹುದು. ಬೇಯಿಸಿ ನುಣ್ಣಗೆ ಕಿವುಚಿ, ಗೋಧಿ ಹಿಟ್ಟು, ತುಪ್ಪ, ಚಿಟಿಕೆ ಜೀರಿಗೆ ಪುಡಿ ಸೇರಿಸಿ. ತಿಳಿ ಬಂಗಾರದ ಬಣ್ಣ ಬಂದರೆ ಸಾಕು, ಕಂದು ಆಗೋಕೆ ಬಿಡಬೇಡಿ. ಮೊಟ್ಟೆ ತಿನ್ನುವ ಮನೆಯಾದರೆ ಒಂದು ಮೊಟ್ಟೆ ಹಾಕಿ ಚೆನ್ನಾಗಿ ಬೇಯಿಸಿ. ಗೋಧಿ, ಮೊಟ್ಟೆ ಎರಡೂ ಹೊಸದಾದರೆ ಒಟ್ಟಿಗೆ ಕೊಡಬೇಡಿ, ಎರಡು ಮೂರು ದಿನ ಅಂತರ ಇರಲಿ, ಯಾವುದರಿಂದ ಗುಳ್ಳೆ ಎದ್ದಿತು ಅಂತ ಗೊತ್ತಾಗಬೇಕಲ್ಲ.

ತಿನ್ನುವಾಗ ಕೂರಿಸಿಯೇ ಕೊಡಿ, ಎದ್ದು ಹೋಗಬೇಡಿ. ಮಗು ಕೆಮ್ಮುತ್ತಿದ್ದರೆ, ಸದ್ದು ಬರುತ್ತಿದ್ದರೆ ಬೆರಳು ಹಾಕದೆ ಕೆಮ್ಮಲು ಬಿಡಿ. ಸದ್ದೇ ಬರದಿದ್ದರೆ ಉಸಿರು ಕಟ್ಟಿದೆ ಅಂತ ಅರ್ಥ: ಮುಂಗೈ ಮೇಲೆ ತಲೆ ಕೆಳಗಾಗುವಂತೆ ಬೋರಲು ಮಲಗಿಸಿ ಬೆನ್ನಿನ ಮೇಲ್ಭಾಗದಲ್ಲಿ ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ಹೊಡೆಯಿರಿ, ಜೊತೆಯಲ್ಲಿದ್ದವರಿಗೆ 108ಕ್ಕೆ ಫೋನ್ ಮಾಡಲು ಹೇಳಿ.

ಉಳಿದಿದ್ದು ಫ್ರಿಜ್ಜಿನಲ್ಲಿ ಎರಡು ದಿನ ಇರುತ್ತದೆ. ಹೊರಗೆ ಡಬ್ಬಿಯಲ್ಲಿ ಇಡಬೇಡಿ, ನಮ್ಮ ಜುಲೈ ಥಂಡಿಗೆ ಬೇಗ ಬೂಸ್ಟು ಹಿಡಿಯುತ್ತದೆ. ಕೊಡುವಾಗ ಇಡ್ಲಿ ಪಾತ್ರೆಯ ಹಬೆಯಲ್ಲಿ ಎರಡು ನಿಮಿಷ ಇಟ್ಟರೆ ಮತ್ತೆ ಮೆತ್ತಗಾಗುತ್ತದೆ.