ಪುಣೆಯಲ್ಲಿ ಕಾಲೇಜು, ಜೊತೆಗೆ ಸ್ಕಿಜೋಫ್ರೇನಿಯಾ: ದಿನ ನಡೆಸುವುದು ಹೇಗೆ?

ಪುಣೆಗೆ ಓದಲು ಬಂದಿದ್ದೀರಿ, ಸ್ಕಿಜೋಫ್ರೇನಿಯಾ ಇದೆ, ಅಂದರೆ ಇಲ್ಲದ ಧ್ವನಿ ಕೇಳಿಸುವ, ಸುಳ್ಳು ಅನುಮಾನ ಕಾಡುವ ಮಾನಸಿಕ ಕಾಯಿಲೆ. ಹಾಗಿದ್ದರೆ ಅಟೆಂಡೆನ್ಸ್‌ಗಿಂತ ಮೊದಲು ನಿದ್ದೆ ನೋಡಿಕೊಳ್ಳಿ. ರಾತ್ರಿಯೆಲ್ಲ ಕೂತು ಸಬ್ಮಿಷನ್ ಬರೆದರೆ ಉಳಿದವರಿಗೆ ಬರೀ ಸುಸ್ತು, ನಮಗೆ ಕಾಯಿಲೆ ಮತ್ತೆ ಕೆರಳಲು ಅಷ್ಟೇ ಸಾಕಾಗಬಹುದು. ಬೆಳಗ್ಗೆ ಪ್ರಾಕ್ಟಿಕಲ್‌ನಲ್ಲಿ ತೂಕಡಿಕೆ ಬರುತ್ತದೆ ಅಂತ ಗುಳಿಗೆ ಬಿಡಬೇಡಿ. ರಾತ್ರಿ ಇನ್ನೂ ಬೇಗ ತೆಗೆದುಕೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ. ದಿನಾ ಮರೆಯುವವರಿಗೆ ತಿಂಗಳಿಗೊಮ್ಮೆ ಹಾಕುವ ಇಂಜೆಕ್ಷನ್ನೂ ಇದೆ. ಲಕ್ಷ್ಮೀ ರಸ್ತೆ ಕಡೆ ರೂಮಿದ್ದರೆ ಗಣಪತಿ ವಿಸರ್ಜನೆಯ ರಾತ್ರಿ ಮೆರವಣಿಗೆಯ ಢೋಲ್-ತಾಶಾ ವಾದ್ಯ ನಿಲ್ಲುವುದಿಲ್ಲ, ಮರುದಿನವೂ ನಡೆದೇ ಇರುತ್ತದೆ. ಸುಮ್ನೆ ಹಠ ಬೇಡ, ಊರಿಗೆ ಹೋಗಿಬನ್ನಿ.

ನನಗೆ ಜಾಸ್ತಿ ಕಾಡಿದ್ದು ಮರಾಠಿ. ಅರ್ಧಂಬರ್ಧ ತಿಳಿಯುವ ಭಾಷೆ ಅನುಮಾನಕ್ಕೆ ಒಳ್ಳೆ ಗೊಬ್ಬರ. ಮೆಸ್ಸಿನಲ್ಲಿ ಪಕ್ಕದ ಟೇಬಲ್‌ನವರು ಏನೋ ಅಂದು ನಗುತ್ತಾರೆ, ಕೈಯಲ್ಲಿದ್ದ ಚಪಾತಿ ತುಂಡು ಅಲ್ಲೇ ನಿಲ್ಲುತ್ತದೆ, ಅದು ನನ್ನ ಬಗ್ಗೆಯೇ ಅಂತ ಮನಸ್ಸು ಆಗಲೇ ತೀರ್ಪು ಕೊಟ್ಟಾಗಿರುತ್ತದೆ. ಇದಕ್ಕೆ ನಂಬಿಕೆಯ ರೂಮ್‌ಮೇಟ್ ಒಬ್ಬ ಬೇಕು. "ಏನಂದ್ರೋ ಅವರು?" ಅಂತ ಕೇಳಿ. ಹೆಚ್ಚಾಗಿ ಕ್ರಿಕೆಟ್ ವಿಷಯ ಇರುತ್ತದೆ, ಇಲ್ಲಾಂದ್ರೆ ಪಲ್ಯದಲ್ಲಿ ಉಪ್ಪಿಲ್ಲ ಅಂತ. ಧ್ವನಿ ಕೇಳಿಸಿದಾಗಲೂ ಹಾಗೇ: "ನಿನಗೂ ಕೇಳಿಸ್ತಾ?" ಇಲ್ಲ ಅಂದರೆ ವಾದ ಬೇಡ, ಇಯರ್‌ಫೋನ್ ಹಾಕಿಕೊಂಡು ಹಾಡು ಕೇಳಿ ಅಥವಾ ನೀವೇ ಗುನುಗಿ. ಎಲ್ಲರಿಗೂ ಅಲ್ಲದಿದ್ದರೂ ಹಲವರಿಗೆ ಧ್ವನಿ ತಗ್ಗುತ್ತದೆ.

ಆ ರೂಮ್‌ಮೇಟ್ ಕೈಗೆ ಒಂದು ಚೀಟಿಯನ್ನೂ ಕೊಟ್ಟಿಡಿ. ಎರಡು ರಾತ್ರಿ ಮಲಗದಿದ್ದರೆ, ಊಟ ಬಿಟ್ಟರೆ, ಫೋನ್ ಆಫ್ ಮಾಡಿಕೊಂಡು ಕೂತರೆ ನಮ್ಮ ಅಣ್ಣನಿಗೆ ಫೋನ್ ಮಾಡು ಅಂತ. ಚೆನ್ನಾಗಿರುವಾಗಲೇ ಬರೆಯಬೇಕು, ಕೆಟ್ಟಾಗ ಕೆಟ್ಟಿದೆ ಅಂತ ನಮಗೇ ಗೊತ್ತಾಗುವುದಿಲ್ಲ ಅಲ್ವಾ.

ರಸ್ತೆಬದಿಯ ಟಪರಿ ಅಂಗಡಿಯಲ್ಲಿ ಚಹಾ ಕುಡಿಯಿರಿ, ಸಿಗರೇಟಿನ ವಿಷಯದಲ್ಲಿ ಮಾತ್ರ ಎಚ್ಚರ. ಸೇದಿದರೆ ಓಲಾಂಜಪಿನ್, ಕ್ಲೋಜಪಿನ್ ಅನ್ನುವ ಈ ಕಾಯಿಲೆಯ ಔಷಧಿಗಳು ರಕ್ತದಲ್ಲಿ ಕಡಿಮೆಯಾಗುತ್ತವೆ. ಸಿಗರೇಟು ಶುರು ಮಾಡಿದರೂ, ಬಿಟ್ಟರೂ ಡಾಕ್ಟರಿಗೆ ಹೇಳಿ. ಗಾಂಜಾ ಒಂದು ದಮ್ಮೂ ಬೇಡ.

ಕಾಲೇಜಿನಲ್ಲಿ ಎಲ್ಲರಿಗೂ ಹೇಳಬೇಕಿಲ್ಲ, ಒಬ್ಬ ಮೇಷ್ಟ್ರು ಸಾಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅಂಗವೈಕಲ್ಯದ ಸರ್ಟಿಫಿಕೇಟ್ ಸಿಕ್ಕರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಬಹುದು. ಅರ್ಜಿ ಮೊದಲೇ ಹಾಕಿ, ಹಾಲ್‌ಟಿಕೆಟ್ ಬಂದಮೇಲೆ ಓಡಾಡಬೇಡಿ.

ರಾತ್ರಿ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಉಚಿತ, 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. ಧ್ವನಿ ಜೀವಕ್ಕೆ ಅಪಾಯ ಮಾಡಿಕೋ ಅಂತ ಹೇಳತೊಡಗಿದರೆ ಮಾತ್ರ ಬೆಳಗಾಗಲಿ ಅನ್ನಬೇಡಿ, ರೂಮ್‌ಮೇಟನ್ನು ಎಬ್ಬಿಸಿ ರಿಕ್ಷಾ ಹಿಡಿದು ಆಸ್ಪತ್ರೆಗೆ ಹೋಗಿ.